ಕ್ಯಾಲೆಂಡರಿನಲ್ಲೊಂದು ಹೃದಯ: ‘ವಾಂಡಾವಿಷನ್’ ಬಂದ ಶುಕ್ರವಾರ

2021ರ ಜನವರಿ 15, ಸಂಕ್ರಾಂತಿಯ ಮರುದಿನ. ಮನೆಗಳಲ್ಲಿ ಎಳ್ಳುಬೆಲ್ಲದ ಡಬ್ಬ ಇನ್ನೂ ಖಾಲಿಯಾಗಿರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಡಿಸ್ನಿ+ ಹಾಟ್‌ಸ್ಟಾರಿನಲ್ಲಿ ಮಾರ್ವೆಲ್ ಸೂಪರ್‌ಹೀರೊ ಲೋಕದ ಸರಣಿ ‘ವಾಂಡಾವಿಷನ್’ನ ಮೊದಲ ಎರಡು ಕಂತು ಒಟ್ಟಿಗೇ ಬಂದವು. ಒಂದೂವರೆಯೇ ಯಾಕೆಂದರೆ ಡಿಸ್ನಿಯ ಗಡಿಯಾರ ಕ್ಯಾಲಿಫೋರ್ನಿಯಾದ್ದು. ಚಳಿಗಾಲದಲ್ಲಿ ಅಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗ ಇಲ್ಲಿ 1:30. ಮಾರ್ಚಿನ ಎರಡನೇ ಭಾನುವಾರ ಅವರು ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ಅದೇ 12:30 ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದವರು ಬೆಳಿಗ್ಗೆ ಎದ್ದವರೇ ಆ್ಯಪ್ ತೆರೆದು, ಹುಡುಕಿ, ಸಿಗದೆ ಬೈದುಕೊಂಡಿದ್ದೂ ಆಯಿತು.

ಸ್ಯಾನ್ ಹೋಸೆಯ ಕನ್ನಡಿಗರಿಗೆ ಅದು ನಡುರಾತ್ರಿ, ನ್ಯೂಜೆರ್ಸಿಯವರಿಗೆ ಬೆಳಗಿನ ಜಾವ ಮೂರು, ಲಂಡನ್ನಿನವರಿಗೆ ಬೆಳಿಗ್ಗೆ ಎಂಟು. ಕಂತು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಸಿಗುವುದರಿಂದ ಕಥೆ ಮೊದಲೇ ಬಯಲಾಗುವ ಭಯ ಯಾವ ಊರಿನಲ್ಲಿದ್ದೀರಿ ಎಂಬುದಕ್ಕಿಂತ ಯಾವ ಕೆಲಸದಲ್ಲಿದ್ದೀರಿ ಎಂಬುದರ ಮೇಲೆ ನಿಂತಿರುತ್ತದೆ. ಬೆಂಗಳೂರಿನಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ನೋಡಿ ಮುಗಿಸಿದವನು ಎರಡು ಗಂಟೆಗೇ ಗ್ರೂಪಿನಲ್ಲಿ ಬರೆಯುತ್ತಾನೆ. ಸಂಜೆ ಏಳಕ್ಕೆ ಮನೆ ಸೇರುವವನು ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು. ಅಂಥವರು ಸರಣಿಯ ಹೆಸರನ್ನಷ್ಟೇ ಮ್ಯೂಟ್ ಮಾಡಿದರೆ ಸಾಲದು. ಪಾತ್ರಗಳ ಹೆಸರು, ನಟನಟಿಯರ ಹೆಸರು ಎಲ್ಲವನ್ನೂ ಮಾಡಬೇಕು. ಆದರೂ ವಿಡಿಯೊಗಳ ಮುಖಪಟದ ಚಿತ್ರದಿಂದ ತಪ್ಪಿಸಿಕೊಳ್ಳುವುದು ಕಷ್ಟ. ದೊಡ್ಡ ಬಾಣದ ಗುರುತು ಹಾಕಿ ಕೊನೆಯ ದೃಶ್ಯವನ್ನೇ ಅಂಟಿಸಿರುತ್ತಾರೆ.

ಕಾಯುವಿಕೆಯೂ ಸಣ್ಣದಾಗಿರಲಿಲ್ಲ. ಮಾರ್ವೆಲ್‌ನ ಕಥಾಲೋಕದಲ್ಲಿ ಅದಕ್ಕೆ ಮುಂಚೆ ಬಂದಿದ್ದು 2019ರ ಜುಲೈಯ ಸ್ಪೈಡರ್‌ಮ್ಯಾನ್ ಚಿತ್ರ. ಕೊರೊನಾದಿಂದಾಗಿ 2020 ಪೂರ್ತಿ ಒಣಗಿಹೋಯಿತು. ಮೊದಲು ಬರಬೇಕಿದ್ದ ಫಾಲ್ಕನ್ ಸರಣಿಯ ಚಿತ್ರೀಕರಣ ನಿಂತು, ‘ವಾಂಡಾವಿಷನ್’ ಮುಂದೆ ಬಂತು. ಅಂದರೆ ಒಂದೂವರೆ ವರ್ಷದ ಹಸಿವು. ಎಲೆಗೆ ಬಿದ್ದದ್ದು ಮಾತ್ರ ಕಪ್ಪುಬಿಳುಪಿನ ಚೌಕದಲ್ಲಿ, ಹಿನ್ನೆಲೆಯ ನಗುವಿನೊಂದಿಗೆ, ಗಂಡನ ಬಾಸ್ ಊಟಕ್ಕೆ ಬರುವ ಹಳೇ ಹಾಸ್ಯ. ಹೆಂಡತಿ ಮಾಯಾಶಕ್ತಿಯ ವಾಂಡಾ, ಗಂಡ ಯಂತ್ರಮಾನವ ವಿಷನ್.

“ಎಂತ ಮಾರಾಯ, ಒಂದು ಫೈಟೂ ಇಲ್ಲ” ಎಂಬುದು ಮೊದಲ ಸುತ್ತಿನ ಮಾತು. “ನನ್ ಟಿವಿ ಕೆಟ್ಟೋಯ್ತಾ, ಬಣ್ಣವೇ ಬರ್ತಿಲ್ಲ” ಎಂಬುದು ಎರಡನೆಯದು. ಇದು ತಮಾಷೆಗೆ ಹೇಳಿದ್ದು ಮಾತ್ರವಲ್ಲ, ಸೆಟ್ಟಿಂಗ್ಸ್ ಒಳಗೆ ಹೋಗಿ ನಿಜವಾಗಿಯೂ ಕೆದಕಿದವರಿದ್ದರು. ಅಲ್ಲೇ ಎಡವಟ್ಟು. ಅಗಲ ನಾಲ್ಕಕ್ಕೆ ಎತ್ತರ ಮೂರರ, ಅಂದರೆ 4:3ರ ಚಿತ್ರ ಈಗಿನ 16:9 ಪರದೆಯ ಅಗಲದಲ್ಲಿ ಮುಕ್ಕಾಲು ಭಾಗವನ್ನಷ್ಟೇ ತುಂಬುತ್ತದೆ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಅದರಲ್ಲಿ ಚಿತ್ರಕ್ಕೆ 91, ಎಡಕ್ಕೂ ಬಲಕ್ಕೂ ತಲಾ 15ರಷ್ಟು ಕಪ್ಪು ಪಟ್ಟಿ. ಜೂಮ್ ಒತ್ತಿದರೆ ಪಟ್ಟಿ ಹೋಗುತ್ತದೆ, ಆದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗವೂ ಜತೆಗೇ ಹೋಗುತ್ತದೆ. ಅಡುಗೆಮನೆಯಲ್ಲಿ ವಾಂಡಾಳ ತಲೆಯ ಮೇಲೆ ತಟ್ಟೆ, ಬಟ್ಟಲು ಹಾರಾಡುವ ದೃಶ್ಯವೇ ಅಂಚಿನಾಚೆ ಕತ್ತರಿಸಿಹೋಗುತ್ತದೆ. ಉದ್ದನೆಯ 20:9 ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿದರಂತೂ ಎತ್ತರದಲ್ಲಿ ಐದನೇ ಒಂದು ಭಾಗ ನಷ್ಟ, ಪಟ್ಟಿಯೂ ಪೂರ್ತಿ ಹೋಗುವುದಿಲ್ಲ. ಪಟ್ಟಿಯನ್ನು ಇದ್ದ ಹಾಗೇ ಬಿಡಬೇಕು. ಕಂತಿನ ಕೊನೆಯಲ್ಲಿ ಕ್ಯಾಮೆರಾ ಹಿಂದೆ ಸರಿದು, ನಾವು ಇಷ್ಟು ಹೊತ್ತು ನೋಡಿದ್ದನ್ನು ಇನ್ಯಾರೋ ಹಳೇ ಟಿವಿ ಪೆಟ್ಟಿಗೆಯಲ್ಲಿ ನೋಡುತ್ತ ಟಿಪ್ಪಣಿ ಬರೆಯುತ್ತಿದ್ದಾರೆ ಎಂದು ತೋರಿಸುವಾಗ ಚಿತ್ರವೂ ಅಗಲವಾಗುತ್ತದೆ. ಜೂಮ್ ಮಾಡಿ ಕೂತವರಿಗೆ ಆ ಬದಲಾವಣೆ ಗೊತ್ತೇ ಆಗುವುದಿಲ್ಲ. ಟಿವಿಯಲ್ಲಿ ಚಲನೆಯನ್ನು ಕೃತಕವಾಗಿ ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಆನ್ ಇದ್ದರೆ ಅದನ್ನೂ ಆರಿಸಿಬಿಡಿ. ಹಳೇ ಫಿಲ್ಮಿನಂತೆ ಕಾಣಲೆಂದು ಪಟ್ಟ ಶ್ರಮವನ್ನೆಲ್ಲ ಅದು ಮದುವೆ ವಿಡಿಯೊ ಮಾಡಿಬಿಡುತ್ತದೆ.

ಶ್ರಮ ನಿಜಕ್ಕೂ ದೊಡ್ಡದು. ನಿರ್ದೇಶಕ ಮ್ಯಾಟ್ ಶಾಕ್‌ಮನ್ ಬಾಲನಟನಾಗಿ ಇಂಥ ಹಾಸ್ಯ ಧಾರಾವಾಹಿಗಳಾದ ಸಿಟ್‌ಕಾಮ್‌ಗಳಲ್ಲೇ ಬೆಳೆದವರು. ‘ದಿ ಡಿಕ್ ವ್ಯಾನ್ ಡೈಕ್ ಶೋ’ ಎಂಬ ಹಳೇ ಅಮೆರಿಕನ್ ಹಾಸ್ಯ ಧಾರಾವಾಹಿಯ ಮಾದರಿ ಹಿಡಿಯಲು ಸ್ವತಃ ಡಿಕ್ ವ್ಯಾನ್ ಡೈಕ್ ಅವರ ಜತೆ ಕೂತು ಊಟ ಮಾಡಿ ಕೇಳಿಕೊಂಡರು. ಮೊದಲ ಕಂತನ್ನು ಎದುರಿಗೆ ಪ್ರೇಕ್ಷಕರನ್ನು ಕೂರಿಸಿ ಎರಡು ದಿನದಲ್ಲಿ ಚಿತ್ರೀಕರಿಸಿದರು. ಆ ಕಾಲದ ಟಂಗ್‌ಸ್ಟನ್ ದೀಪ, ಆ ಕಾಲದ ನೋಟ ಕೊಡುವ ಲೆನ್ಸ್. ತಟ್ಟೆ ಹಾರಲು ತಂತಿ. ಮುಖ ಕೆಂಪಾಗಿರುವ ವಿಷನ್ ಪಾತ್ರದ ಪಾಲ್ ಬೆಟನಿಯ ಮುಖಕ್ಕೆ ಬಳಿದದ್ದು ಕೆಂಪಲ್ಲ, ನೀಲಿ. ಕೆಂಪು ಬಳಿದರೆ ಕಪ್ಪುಬಿಳುಪಿನಲ್ಲಿ ಮುಖದ ಛಾಯೆ ಸರಿ ಬರುವುದಿಲ್ಲ, ನೀಲಿ ಹದವಾದ ಬೂದು ಕೊಡುತ್ತದೆ. ‘ನಗು ರೆಕಾರ್ಡ್ ಮಾಡಿ ತುರುಕಿದ್ದಾರೆ, ಕಿರಿಕಿರಿ’ ಎಂದು ಆ ದಿನ ದೂರಿದವರಿಗೆ ಕಂತಿನ ಹೆಸರೇ ಉತ್ತರ ಹೇಳುತ್ತಿತ್ತು: ‘ಫಿಲ್ಮ್ಡ್ ಬಿಫೋರ್ ಎ ಲೈವ್ ಸ್ಟುಡಿಯೊ ಆಡಿಯೆನ್ಸ್’, ಸ್ಟುಡಿಯೊದಲ್ಲಿ ಕೂತ ಪ್ರೇಕ್ಷಕರ ಎದುರೇ ಚಿತ್ರೀಕರಿಸಿದ್ದು ಎಂದು.

ನಮ್ಮಲ್ಲಿ ಒಂದು ತಲೆಮಾರಿಗೆ ಮಾತ್ರ ಈ ನಗು ಅಪರಿಚಿತವಾಗಿರಲಿಲ್ಲ. 90ರ ದಶಕದಲ್ಲಿ ಸೋನಿ ಚಾನೆಲ್ಲಿನಲ್ಲಿ ಹಿಂದಿ ಮಾತನಾಡುತ್ತಿದ್ದ ‘ಐ ಡ್ರೀಮ್ ಆಫ್ ಜೀನಿ’ ಧಾರಾವಾಹಿಯ ಮಾಯಾವಿ ಜೀನಿಯನ್ನು ಶಾಲೆಯಿಂದ ಬಂದು ನೋಡಿದವರು ಇವರು. ಮಾಯಾವಿ ಹೆಂಡತಿ, ಕಂಗಾಲಾದ ಗಂಡ, ಬಾಗಿಲಲ್ಲಿ ಇಣುಕುವ ಪಕ್ಕದ ಮನೆಯಾಕೆ, ಎಲ್ಲವೂ ಗೊತ್ತಿದ್ದದ್ದೇ. ಆ ದಿನ ಕಂತನ್ನು ಮನಸಾರೆ ನಕ್ಕು ನೋಡಿದವರು ಬಹುಪಾಲು ಇವರೇ ಇರಬೇಕು ಎಂಬುದು ನಮ್ಮ ಅನುಮಾನ.

ನಗು ಎಲ್ಲಿ ನಿಲ್ಲುತ್ತದೆ ಎಂಬುದೇ ಈ ಕಂತಿನ ಜೀವ. ಕೊನೆಯ ಭಾಗದ ಊಟದ ದೃಶ್ಯ ನೋಡಿ. ಬಾಸ್ ಹಾರ್ಟ್ ಮತ್ತು ಅವನ ಹೆಂಡತಿ ವಾಂಡಾ, ವಿಷನ್ ಇಬ್ಬರನ್ನೂ ಪ್ರಶ್ನೆಗಳಿಂದ ತಿವಿಯುತ್ತಾರೆ: ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಮದುವೆ ಯಾವಾಗ ಆಯಿತು, ಮಕ್ಕಳು ಯಾಕಿಲ್ಲ. ಇಬ್ಬರ ಹತ್ತಿರವೂ ಉತ್ತರವಿಲ್ಲ. ದನಿ ಏರಿಸಿ ಮೇಜು ಗುದ್ದಿದ ಬಾಸಿನ ಗಂಟಲಿಗೆ ತುತ್ತು ಸಿಕ್ಕಿಕೊಳ್ಳುತ್ತದೆ. ಮಿಸೆಸ್ ಹಾರ್ಟ್ ಆಗಿರುವ ಡೆಬ್ರಾ ಜೋ ರಪ್ “ಸ್ಟಾಪ್ ಇಟ್” ಎನ್ನುತ್ತಾರೆ, ನಗುತ್ತ, ಗಂಡನ ತುಂಟಾಟಕ್ಕೆ ಗದರಿದ ಹಾಗೆ. ಮತ್ತೆ ಅದೇ ಮಾತು. ಮತ್ತೆ ಅದೇ. ತುಟಿಯ ಮೇಲೆ ನಗು ಹಾಗೇ ಉಳಿದು ಕಣ್ಣಿನಿಂದ ಮಾತ್ರ ಇಳಿದುಹೋಗಿರುತ್ತದೆ, ಮಾತು ಗಂಡನನ್ನು ಬಿಟ್ಟು ವಾಂಡಾಳ ಕಡೆ ತಿರುಗಿರುತ್ತದೆ. ಅಲ್ಲಿಯವರೆಗೆ ಕ್ಯಾಮೆರಾ ಪ್ರೇಕ್ಷಕರು ಕೂತ ಜಾಗದಲ್ಲಿ, ನಾಟಕ ನೋಡುವ ದೂರದಲ್ಲಿ ಇತ್ತು. ಈಗ ಒಂದೊಂದೇ ಮುಖದ ಹತ್ತಿರ ಬಂದು ನಿಲ್ಲುತ್ತದೆ. ಹಿನ್ನೆಲೆಯಲ್ಲಿ ನಗುವವರು ಯಾರೂ ಇಲ್ಲ. ವಾಂಡಾ “ವಿಷನ್, ಅವನಿಗೆ ಸಹಾಯ ಮಾಡು” ಎಂದ ಮೇಲೆಯೇ ವಿಷನ್ ಗಂಟಲೊಳಗೆ ಕೈ ತೂರಿಸಿ ತುತ್ತು ತೆಗೆಯುವುದು. ಮರುಕ್ಷಣ ಏನೂ ಆಗೇ ಇಲ್ಲವೆಂಬಂತೆ ಅತಿಥಿಗಳು ಎದ್ದು ಹೊರಡುತ್ತಾರೆ. ಈ ತುಣುಕನ್ನು ಎರಡನೇ ಸಲ ಪರದೆ ನೋಡದೆ ಕೇಳಿಸಿಕೊಳ್ಳಿ, ಮೂರನೇ ಸಲ ಶಬ್ದ ಆರಿಸಿ ನೋಡಿ. ಮಧ್ಯದಲ್ಲೇ ‘ಬೋರು’ ಎಂದು ಎದ್ದುಹೋದವರು ಕಳೆದುಕೊಂಡಿದ್ದು ಇದನ್ನು.

ಸಂಜೆ ಹೊತ್ತಿಗೆ ಪತ್ತೇದಾರರ ಸರದಿ. ಪಾಜ್ ಮಾಡಿ ಮೂಲೆಮೂಲೆ ಜಾಲಾಡುವ ಈ ಕೆಲಸಕ್ಕೂ ಒಂದು ಕ್ರಮವಿದೆ. ಓಟಿಟಿ ಆ್ಯಪಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚೌಕ ಬರುತ್ತದೆ. ಅದು ಫೋನಿನ ದೋಷವಲ್ಲ, ನಕಲು ತಡೆಯುವ ಬೀಗ. ಹಾಗಾಗಿ ಟಿವಿಯ ಮುಂದೆ ಇನ್ನೊಂದು ಫೋನ್ ಹಿಡಿದು ಫೋಟೊ ತೆಗೆಯುತ್ತಾರೆ. ಪರದೆಯ ಚುಕ್ಕಿಗೂ ಕ್ಯಾಮೆರಾದ ಚುಕ್ಕಿಗೂ ತಾಳ ತಪ್ಪಿ ಅಲೆಅಲೆ ಗೆರೆ ಮೂಡುತ್ತದೆ. ಗೆರೆಗಳ ನಡುವೆ ಇಲ್ಲದ ಅಕ್ಷರ ಕಾಣುತ್ತದೆ, ಅದರಿಂದ ಹೊಸದೊಂದು ಊಹೆ ಹುಟ್ಟುತ್ತದೆ. ಡೇಟಾ ಉಳಿಸುವ ಗುಣಮಟ್ಟದಲ್ಲಿ ನೋಡಿದರೆ ಸಣ್ಣ ಅಕ್ಷರ ಹೇಗೂ ಕಲಸಿಹೋಗಿರುತ್ತದೆ. ಅತ್ಯುತ್ತಮ ಗುಣಮಟ್ಟಕ್ಕೆ ಹಾಕಿ, ಪಾಜ್ ಮಾಡಿದ ಮೇಲೆ ಪರದೆಯ ಗುಂಡಿಗಳು ಮಾಯವಾಗುವವರೆಗೆ ಕಾದು, ಬರಿಗಣ್ಣಿನಲ್ಲಿ ಓದುವುದೇ ವಾಸಿ.

ಹಾಗೆ ಓದಿದವರಿಗೆ ದ್ರಾಕ್ಷಾರಸದ ಸೀಸೆಯ ಮೇಲೆ ‘ಮೇಜಾನ್ ದ್ಯು ಮೆಪ್ರಿ’ ಎಂಬ ಫ್ರೆಂಚ್ ಹೆಸರು ಸಿಕ್ಕಿತು. ಮೇಜಾನ್ ಎಂದರೆ ಮನೆ, ಮೆಪ್ರಿ ಎಂದರೆ ತಿರಸ್ಕಾರ. ಮನೆ, ಜತೆಗೊಂದು ಎಮ್. ವಾಂಡಾ ಇಡೀ ಜಗತ್ತನ್ನೇ ತನಗೆ ಬೇಕಾದಂತೆ ಬದಲಿಸುವ 2005ರ ‘ಹೌಸ್ ಆಫ್ ಎಮ್’ ಕಾಮಿಕ್ಸಿಗೆ ಗಂಟು ಹಾಕಲು ಎರಡು ನಿಮಿಷ ಸಾಕಾಯಿತು. ಈ ಹಾಸ್ಯಲೋಕದ ಮಾಯೆಯೆಲ್ಲ ವಾಂಡಾಳದ್ದೇ ಎಂಬ ಮಟ್ಟಿಗೆ ಅದು ಸರಿಯಾದ ದಾರಿಯೇ. ಪಕ್ಕದ ಮನೆಯ ಆಗ್ನೆಸ್ ತನ್ನ ಗಂಡ ರಾಲ್ಫ್‌ನ ಮರೆವಿನ ಬಗ್ಗೆ ಜೋಕು ಹೊಡೆಯುತ್ತ ಮದುವೆಯ ದಿನ ಜೂನ್ 2 ಎನ್ನುತ್ತಾಳೆ. 1692ರ ಜೂನ್ 2ರಂದು ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿಯರೆಂದು ಆರೋಪ ಹೊತ್ತವರ ವಿಚಾರಣೆ ಶುರುವಾಯಿತು, ಮೊದಲು ಕಟಕಟೆ ಹತ್ತಿದ್ದು ಬ್ರಿಜೆಟ್ ಬಿಷಪ್. ಆಗ್ನೆಸ್ ಎಂಬುವಳು ಕಾಮಿಕ್ಸಿನ ಮಾಟಗಾತಿ ಅಗಾಥಾಳೇ ಎಂದು ಊಹಿಸಿದವರು ಗೆದ್ದರು. ಎಂಟನೇ ಕಂತು ನೇರ ಸೇಲಂನಲ್ಲೇ ಶುರುವಾಗುತ್ತದೆ.

ಸೋತದ್ದು ಮೆಫಿಸ್ಟೊ ಪಕ್ಷ. ಎರಡನೇ ಕಂತಿನಲ್ಲಿ ಸೈತಾನನ ಹೆಸರು ಬರುವ ಒಂದು ಗಾದೆಗೆ ಆಗ್ನೆಸ್ ಕೊಂಕು ಸೇರಿಸಿದ್ದೇ ತಡ, ಇದೆಲ್ಲದರ ಹಿಂದೆ ಕಾಮಿಕ್ಸಿನ ಸೈತಾನ ಮೆಫಿಸ್ಟೊ ಇದ್ದಾನೆಂದು ತೀರ್ಮಾನವಾಗಿಹೋಯಿತು. ಮಾರ್ಚ್ 5ರವರೆಗೆ ಎಂಟು ಶುಕ್ರವಾರ ಕಾದರೂ ಅವನು ಬರಲಿಲ್ಲ. ವಾರಕ್ಕೊಂದು ಕಂತು ಬಿಟ್ಟರೆ ಆಗುವುದೇ ಹೀಗೆ: ನಡುವಿನ ಆರು ದಿನ ಊಹೆಗೇ ಗೊಬ್ಬರ. ಕೊನೆಗೆ ಅವನು ಬರಲಿಲ್ಲವೆಂದು ಸರಣಿಯನ್ನು ಬೈದವರೂ ಇದ್ದರು. ಬಡಿಸುತ್ತೇವೆಂದು ಅಡುಗೆಯವರು ಹೇಳದ ಪಾಯಸಕ್ಕೆ ಜಗಳ ತೆಗೆದ ಹಾಗೆ. ಅರ್ಧ ಗಂಟೆಯ ಕಂತಿನಲ್ಲಿ ಕೊನೆಯ ಹಲವು ನಿಮಿಷ ಬರೀ ಹೆಸರಿನ ಪಟ್ಟಿ, ಅದರ ನಡುವೆ ಗುಟ್ಟಿನ ದೃಶ್ಯ ಇರಬಹುದೆಂದು ಕಾದವರಿಗೂ ಮೊದಲ ದಿನ ಏನೂ ದಕ್ಕಲಿಲ್ಲ. ಅಂಥ ದೃಶ್ಯ ಶುರುವಾದದ್ದು ಏಳನೇ ಕಂತಿನಿಂದ.

ಕಣ್ಣೆದುರಿಗೇ ಇದ್ದದ್ದು ಟೋಸ್ಟರ್. ಕಂತಿನ ಮಧ್ಯೆ ಬರುವ ಸುಳ್ಳು ಜಾಹೀರಾತಿನಲ್ಲಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್‌ನ ಕಂಪನಿಯ ಟೋಸ್ಟ್‌ಮೇಟ್ 2000 ಬೀಪ್ ಬೀಪ್ ಎನ್ನುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಅದರ ದೀಪ ಕೆಂಪು. ಇಡೀ ಕಪ್ಪುಬಿಳುಪಿನಲ್ಲಿ ಮೊದಲು ಕಾಣುವ ಬಣ್ಣ ಅದು. ವಾಂಡಾಳ ಹತ್ತನೇ ವಯಸ್ಸಿನಲ್ಲಿ ಮನೆಗೆ ಸ್ಟಾರ್ಕ್ ಕಂಪನಿಯ ಬಾಂಬು ಬಿದ್ದು, ಸಿಡಿಯದ ಇನ್ನೊಂದನ್ನು ಅವಳೂ ಅವಳಿ ಅಣ್ಣನೂ ಎರಡು ದಿನ ನೋಡುತ್ತ ಕೂತಿದ್ದ ಸಂಗತಿ 2015ರ ಸಿನಿಮಾ ‘ಏಜ್ ಆಫ್ ಅಲ್ಟ್ರಾನ್’ನಲ್ಲೇ ಬಂದಿದೆ. ಅದನ್ನು ನೆನಪಿಟ್ಟವರು ಟೋಸ್ಟರಿನ ಸದ್ದಿಗೇ ಬೆಚ್ಚಿದರು. ಹೊಸಬರಿಗೆ ಕಷ್ಟವಾದದ್ದೂ ಇಲ್ಲೇ. ಹಿಂದಿನ ಇಪ್ಪತ್ತಕ್ಕೂ ಹೆಚ್ಚು ಸಿನಿಮಾ ಬೇಕಿಲ್ಲ, ‘ಏಜ್ ಆಫ್ ಅಲ್ಟ್ರಾನ್’ ಮತ್ತು 2018ರ ‘ಇನ್ಫಿನಿಟಿ ವಾರ್’ ಸಾಕು. ವಿಷನ್ ‘ಇನ್ಫಿನಿಟಿ ವಾರ್’ನಲ್ಲಿ ಸತ್ತಿದ್ದಾನೆ, ಅದೂ ಎರಡು ಸಲ, ಮೊದಲನೆಯದು ವಾಂಡಾಳ ಕೈಯಿಂದಲೇ. ಇದು ಗೊತ್ತಿದ್ದು ಕೂತರೆ ಗಂಡನು ಕಚೇರಿಗೆ ಹೊರಡುವ ಸಾದಾ ದೃಶ್ಯದಲ್ಲೂ ಹೊಟ್ಟೆ ಕಲಕುತ್ತದೆ.

ಇನ್ನು ಆ ಹೃದಯ. ಕಂತಿನ ಶುರುವಿನಲ್ಲೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 23ರ ಮೇಲೆ ಒಂದು ಹೃದಯ ಬರೆದಿದೆ. ಯಾಕೆ ಬರೆದದ್ದೆಂದು ಮನೆಯ ಇಬ್ಬರಿಗೂ ನೆನಪಿಲ್ಲ, ನೆನಪಿಲ್ಲವೆಂದು ಒಪ್ಪುವುದೂ ಇಲ್ಲ. ಹಾರ್ಟ್ ಎಂಬ ಬಾಸ್ ಊಟಕ್ಕೆ ಬರುವ ದಿನವೆಂದು ವಿಷನ್ ತಿಳಿಯುತ್ತಾನೆ, ಮದುವೆಯ ದಿನವೆಂದು ವಾಂಡಾ. ಮೊದಲ ದಿನ ಎಲ್ಲರೂ ಬೆನ್ನು ಹತ್ತಿದ್ದು ಸಂಖ್ಯೆಯನ್ನು. 8 ಮತ್ತು 23, ಯಾವ ಕಾಮಿಕ್ಸಿನ ಎಷ್ಟನೇ ಸಂಚಿಕೆ, ಯಾವ ಚಿತ್ರದ ಯಾವ ಕೋಣೆಯ ನಂಬರು ಎಂದು ಪುಟಗಟ್ಟಲೆ ಲೆಕ್ಕ. ಹೃದಯವನ್ನು ಯಾರೂ ಕೇಳಲಿಲ್ಲ. ಫೆಬ್ರವರಿ 26ರ ಎಂಟನೇ ಕಂತಿನಲ್ಲಿ ವಾಂಡಾ ಒಬ್ಬಳೇ ಕಾರು ನಿಲ್ಲಿಸಿ, ಬರೀ ಅಡಿಪಾಯ ಉಳಿದ ಖಾಲಿ ಸೈಟಿನ ಮುಂದೆ ಒಂದು ಕಾಗದ ಬಿಡಿಸುತ್ತಾಳೆ. ವಿಷನ್ ಸಾಯುವ ಮುಂಚೆ ಕೊಂಡಿದ್ದ ನಿವೇಶನದ ಪತ್ರ. ಅದರ ನಕ್ಷೆಯ ಮೇಲೆ ಅವನ ಕೈಯಿಂದ ಬರೆದ ಒಂದು ಹೃದಯ, ಒಳಗೆ ‘ಇಲ್ಲಿ ಕೂಡಿ ಮುಪ್ಪಾಗಲು’ ಎಂಬರ್ಥದ ಒಂದು ಸಾಲು.

ಆ ರಾತ್ರಿ ಬಹಳಷ್ಟು ಜನ ತಿರುಗಿ ಮೊದಲ ಕಂತು ಹಾಕಿದರು. ಅಡುಗೆಮನೆ, ಕ್ಯಾಲೆಂಡರು, ಇದೇನೆಂದು ನಿನಗೆ ನೆನಪಿಲ್ಲವೇ ಎಂದು ಒಬ್ಬರನ್ನೊಬ್ಬರು ನಯವಾಗಿ ಕೆಣಕುವ ಗಂಡ ಹೆಂಡತಿ. ಹಿಂದೆ ಸ್ಟುಡಿಯೊದ ಜನ ಅದೇ ಜಾಗದಲ್ಲಿ, ಅಷ್ಟೇ ಜೋರಾಗಿ ನಗುತ್ತಿದ್ದರು.