20 ನಿಮಿಷಕ್ಕೇ ವಾಪಸ್ ಬಂದ ಪುಸ್ತಕ

ನಾನು ಲೈಬ್ರರಿ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಒಬ್ಬರು ಹಿರಿಯ ಓದುಗರು ಬರುತ್ತಾರೆ, ನಿವೃತ್ತರು. ದಪ್ಪ ದಪ್ಪ ಕಾದಂಬರಿಗಳನ್ನು ವಾರಕ್ಕೊಂದರಂತೆ ಮುಗಿಸುವವರು. ಒಂದು ದಿನ ಕಾಮಿಕ್ಸ್ ಕಪಾಟಿನ ಕಡೆ ಕೈ ತೋರಿಸಿ, "ಅಲ್ಲಿ ಯಾವಾಗ ನೋಡಿದರೂ ಹುಡುಗರು ಗುಂಪು ಕಟ್ಟಿ ನಿಂತಿರುತ್ತಾರಲ್ಲ, ಅಂಥದ್ದೇನಿದೆ ಮೇಡಂ? ನನಗೂ ಒಂದು ಕೊಡಿ" ಎಂದರು. ನನಗೆ ತುಂಬಾ ಖುಷಿಯಾಯಿತು. ನನಗೆ ಇಷ್ಟವಾದದ್ದನ್ನೇ ಕೊಟ್ಟೆ, ಶಾನ್ ಟ್ಯಾನ್ ಅವರ 'ದಿ ಅರೈವಲ್'. 2006ರ ಪುಸ್ತಕ. ಮನೆ, ಹೆಂಡತಿ, ಮಗಳನ್ನು ಬಿಟ್ಟು ಗೊತ್ತಿಲ್ಲದ ದೇಶಕ್ಕೆ ದುಡಿಯಲು ಹೋಗುವ ಒಬ್ಬ ಮನುಷ್ಯನ ಕಥೆ. ಇಡೀ ಕಥೆ ಬರೀ ಚಿತ್ರದಲ್ಲೇ ಇದೆ, ಒಂದೂ ಮಾತಿಲ್ಲ.

ಓದುವ ಮೇಜಿಗೆ ಹೋದವರು 20 ನಿಮಿಷಕ್ಕೇ ಎದ್ದು ಬಂದರು. "ಮುಗೀತು ಮೇಡಂ. ಓದೋಕೆ ಏನೂ ಇಲ್ಲ ಇದರಲ್ಲಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. ತಾನು ಕೇಳಿದ್ದೇ ತಪ್ಪೇನೋ ಅನ್ನುವಂಥ ಬೇಸರ. ಅದು ನನ್ನನ್ನು ಸಂಜೆವರೆಗೂ ಕೊರೆಯಿತು.

ಯಾಕೆ ಅಂದರೆ ಈ ಕಪಾಟಿನ ವಿಷಯದಲ್ಲಿ ನಾನು ಅದಕ್ಕೂ ಮೊದಲು ಒಂದು ತಪ್ಪು ಮಾಡಿದ್ದೆ. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸುವವರಿಗೆ ಗೊತ್ತಿರುತ್ತದೆ, ಕಾಮಿಕ್ಸ್ ಅಂದರೆ 741.5. ಸೂಪರ್‌ಹೀರೋ, ಆತ್ಮಕಥೆ, ಯುದ್ಧದ ವರದಿ, ಪುಟ್ಟ ಮಕ್ಕಳ ನಗೆಕಥೆ, ಎಲ್ಲವೂ ಆ ಒಂದೇ ನಂಬರಿನಲ್ಲಿ ಬಂದು ಕೂರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ಮುಖಪುಟ ನೋಡಿ, ಇಲಿಗಳಿವೆ ಅಂತ, ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಅನ್ನು ಮಕ್ಕಳ ಸಾಲಿನಲ್ಲಿ ಇಟ್ಟಿದ್ದೆ. ಅದು ಆಶ್‌ವಿಟ್ಸ್ ಎಂಬ ನಾಜಿ ಸಾವಿನ ಶಿಬಿರದಿಂದ ಬದುಕಿ ಬಂದ ಅವರ ತಂದೆಯ ಕಥೆ. ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಬರುತ್ತಾರೆ. 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದ ಪುಸ್ತಕ. ಎಂಟು ವರ್ಷದ ಒಬ್ಬ ಹುಡುಗ ಅದನ್ನು ತಂದು ಕೌಂಟರಿನ ಮೇಲಿಟ್ಟು, "ಆಂಟಿ, ಇವರನ್ನ ಯಾಕೆ ನೇಣಿಗೆ ಹಾಕಿದ್ದಾರೆ?" ಎಂದು ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ, ನಾನು ಆ ಪುಸ್ತಕ ಓದಿರಲೇ ಇಲ್ಲ. ಅವತ್ತಿಂದ ಓದದೆ ಯಾವ ಕಾಮಿಕ್ಸನ್ನೂ ಸಾಲಿಗೆ ಇಡುವುದಿಲ್ಲ.

ಹಾಗಾಗಿ ಪಾಠ ಕಲಿತಾಗಿದೆ ಅಂದುಕೊಂಡಿದ್ದೆ. ಪುಸ್ತಕ ಓದಿರಬೇಕು, ಸರಿಯಾದವರಿಗೆ ಕೊಡಬೇಕು, ಅಷ್ಟೇ ಅಲ್ವಾ? ಆದರೆ ಇಲ್ಲಿ ಪುಸ್ತಕವನ್ನು ನಾನು ನಾಲ್ಕು ಸಲ ಓದಿದ್ದೆ, ತಗೊಂಡವರೂ ಸರಿಯಾದವರೇ. ಆದರೂ ಅದು ಅವರನ್ನು ಮುಟ್ಟಲಿಲ್ಲ.

ಮರುದಿನ ಅವರು ಬಂದಾಗ ಕೇಳಿದೆ, "ಸರ್, ಹತ್ತು ನಿಮಿಷ ಇದೆಯಾ? ಮೊದಲ ಪುಟ ಒಂದನ್ನು ಇಬ್ಬರೂ ಕೂತು ನೋಡೋಣ." ಪಾಪ, ಒಪ್ಪಿದರು.

ಆ ಪುಟದಲ್ಲಿ 9 ಚಿಕ್ಕ ಚೌಕಗಳಿವೆ. ಕಾಗದ ಮಡಚಿ ಮಾಡಿದ ಹಕ್ಕಿ. ಗೋಡೆ ಗಡಿಯಾರ. ಗೂಟಕ್ಕೆ ಸಿಕ್ಕಿಸಿದ ಟೋಪಿ. ಒಂದು ಪಾತ್ರೆ. ಮಗು ಬರೆದ ಚಿತ್ರ. ಟೀ ಪಾಟ್, ಟೀ ಕಪ್. ಆಮೇಲೆ ಸೂಟ್‌ಕೇಸು. ಕೊನೆಗೆ ಮನೆಯವರ ಫೋಟೋ. ನಿನ್ನೆ ಇದಕ್ಕೆ ಎಷ್ಟು ಹೊತ್ತು ಕೊಟ್ಟಿರಿ ಅಂತ ಕೇಳಿದೆ. "ಏನು ಮಾತಿತ್ತು ಅಂತ ನಿಲ್ಲಬೇಕಿತ್ತು, ಹಾಗೇ ತಿರುಗಿಸಿದೆ" ಎಂದರು. ನಾನು ಏನೂ ವಿವರಿಸಲಿಲ್ಲ. "ಇದು ಯಾರ ಮನೆ ಇರಬಹುದು ಸರ್?" ಎಂದಷ್ಟೇ ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮಗು ಇದೆ, ಚಿತ್ರ ಬರೆದಿದೆಯಲ್ಲ. ಟೀ ಪಾಟ್ ಹಳೆಯದು, ಅನುಕೂಲಸ್ಥರಲ್ಲ. ಸೂಟ್‌ಕೇಸ್ ಬಂತು ಅಂದರೆ ಯಾರೋ ಹೊರಟಿದ್ದಾರೆ. ಇಷ್ಟು ಹೇಳಿ ಸುಮ್ಮನಾದರು. ಆಮೇಲೆ ನಿಧಾನಕ್ಕೆ, "ಹೊರಡೋ ಮುಂಚೆ ಮನುಷ್ಯ ಮನೆಯನ್ನ ಹೀಗೇ ನೋಡ್ತಾನೆ ಮೇಡಂ, ಒಂದೊಂದೇ ಸಾಮಾನು" ಎಂದರು.

ಆಗ ನನಗೆ ಹೊಳೆಯಿತು. ಇವರು ಜೀವನವಿಡೀ ಓದಿದವರು, ಆದರೆ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಓಡಿ ಅಭ್ಯಾಸ. ಅಕ್ಷರ ಇಲ್ಲದ ಕಡೆ ಅದು ನಿಲ್ಲುವುದೇ ಇಲ್ಲ, ಜಾರಿಬಿಡುತ್ತದೆ. ಕಾಮಿಕ್ಸ್ ಮಾಡುವವರು ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಗೆ ಗಟರ್ ಅನ್ನುತ್ತಾರೆ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನ ಚೌಕದಲ್ಲಿ ಒಡೆದ ಲೋಟ. ಕೈ ಕೆಳಗಿಳಿದದ್ದು ಯಾವ ಚೌಕದಲ್ಲೂ ಇಲ್ಲ, ಅದನ್ನು ಕಂಡದ್ದು ನಾವು. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಲೌಡ್ 1993ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ನಾನೂ ಓದಿದ್ದೆ. ಆದರೆ ಕೌಂಟರಿನ ಆಚೆ ನಿಂತವರಿಗೆ ಅದನ್ನು ತೋರಿಸಿಕೊಡುವುದು ನನ್ನ ಕೆಲಸದ ಭಾಗ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಅವರು ಪುಸ್ತಕ ಮನೆಗೆ ಒಯ್ದರು. 9 ದಿನ ಬರಲಿಲ್ಲ. ಬಂದವರು ಕೌಂಟರಿಗೆ ನೇರ ಬಂದು, ಕೊನೆಯ ಭಾಗದ ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದರು. "ಮೊದಲ ಪುಟ ಇಲ್ಲಿ ಮತ್ತೆ ಬಂದಿದೆ, ನೋಡಿದ್ರಾ?" ಹೌದು. ಅದೇ ರೀತಿಯ ಚೌಕಗಳು, ಆದರೆ ಒಳಗಿರುವುದು ಹೊಸ ದೇಶದ ಸಾಮಾನು. ಅಲ್ಲಿ ಕಾಗದದ ಹಕ್ಕಿ ಇದ್ದ ಜಾಗದಲ್ಲಿ ಇಲ್ಲಿ ಬೇರೆಯೇ ಒಂದು ಕಾಗದದ ಪ್ರಾಣಿ. ನಾನು ಇದನ್ನು ಅವರಿಗೆ ಹೇಳಿರಲಿಲ್ಲ. ಅವರೇ ಕಂಡುಕೊಂಡಿದ್ದರು. ಆ ದೇಶದ ಬೋರ್ಡುಗಳ ಲಿಪಿ ಟ್ಯಾನ್ ಕಟ್ಟಿದ್ದು, ಯಾರಿಗೂ ಓದಲು ಬರುವುದಿಲ್ಲ. ಅದರ ಬಗ್ಗೆಯೂ ಅವರೇ ಹೇಳಿದರು, "ಅವನಿಗೂ ತಿಳಿಯಲ್ಲ, ನಮಗೂ ತಿಳಿಯಲ್ಲ, ಇಬ್ಬರೂ ಒಟ್ಟಿಗೇ ಕಳೆದುಹೋಗ್ತೀವಿ."

ಅಂದಿನಿಂದ ನಾನು ಕಾಮಿಕ್ಸ್ ಕೊಡುವ ರೀತಿಯೇ ಬದಲಾಗಿದೆ. ಮೊದಲು 'ಯಾವ ವಿಷಯ ಇಷ್ಟ' ಎಂದು ಕೇಳುತ್ತಿದ್ದೆ. ಈಗ ಒಂದು ಪುಟ ತೆಗೆದು ಕೊಟ್ಟು ಸುಮ್ನೆ ನೋಡುತ್ತೇನೆ. ಕಣ್ಣು ಪಾತ್ರಗಳ ಮಾತು ಬರೆದಿರುವ ಬಲೂನುಗಳ ಮೇಲೇ ಓಡುತ್ತಿದ್ದರೆ ಅಂಥವರಿಗೆ ಮಾತು ಜಾಸ್ತಿ ಇರುವುದು ಮೊದಲು. ಕೇಟ್ ಬೀಟನ್ ಅವರ 'ಡಕ್ಸ್' ಹೀಗೆ ತುಂಬಾ ಜನಕ್ಕೆ ಹಿಡಿಸಿದೆ, ಅದರಲ್ಲೂ ಕೆಲಸಕ್ಕೆ ಹೋಗುವವರಿಗೆ. ಓದಿಗೆ ಮಾಡಿದ ಸಾಲ ತೀರಿಸಲು ಕೆನಡಾದ ತೈಲ ಗಣಿಗಳಲ್ಲಿ ದುಡಿದ ಅವರದೇ ಕಥೆ, 2022ರಲ್ಲಿ ಬಂತು. ಮರ್ಜಾನ್ ಸತ್ರಾಪಿ ಅವರ 'ಪರ್ಸೆಪೊಲಿಸ್' ಕೂಡ ಹಾಗೇ. ಬೂದು ಬಣ್ಣವೇ ಇಲ್ಲದ ಬರೀ ಕಪ್ಪು ಬಿಳುಪು, ಕಣ್ಣಿಗೆ ದಾರಿ ತಪ್ಪುವುದಿಲ್ಲ. ಚಿತ್ರದ ಮೇಲೆ ನಿಲ್ಲುವವರಾದರೆ 'ವಾಚ್‌ಮೆನ್' ಕೊಡುತ್ತೇನೆ. ಅದರ ಐದನೇ ಅಧ್ಯಾಯದ ಪುಟಗಳ ಜೋಡಣೆ ಕನ್ನಡಿ ಇಟ್ಟಂತಿದೆ, ಮೊದಲ ಪುಟಕ್ಕೆ ಕೊನೆಯದು ಜೋಡಿ. ಒಬ್ಬ ಹುಡುಗ ಮೂರನೇ ಓದಿನಲ್ಲಿ ಇದನ್ನು ಕಂಡು ಲೈಬ್ರರಿಯಲ್ಲೇ ಜೋರಾಗಿ ಕೂಗಿಬಿಟ್ಟಿದ್ದ. ನಾನು ಬೈಯಲಿಲ್ಲ.

ಚಿಕ್ಕ ಮಕ್ಕಳಿಗೆ ಇದ್ಯಾವುದನ್ನೂ ಹೇಳಿಕೊಡಬೇಕಿಲ್ಲ. 'ಡಾಗ್ ಮ್ಯಾನ್' ಆಗಲಿ, ಹಲ್ಲು ಮುರಿದುಕೊಂಡ ಹುಡುಗಿಯ 'ಸ್ಮೈಲ್' ಆಗಲಿ, ಕೊಟ್ಟ ತಕ್ಷಣ ನೆಲದ ಮೇಲೆ ಕೂತು ಶುರು ಮಾಡುತ್ತಾರೆ. ಬಾಯಿ ತೆರೆದು ಒಂದೇ ಚಿತ್ರವನ್ನು ಎಷ್ಟೋ ಹೊತ್ತು ನೋಡುತ್ತಾರೆ. ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು "ಬೇಗ ಪುಟ ತಿರುಗಿಸು" ಅಂದಾಗ ಈಗ ನಾನು ಎದ್ದು ಹೋಗಿ, ದಯವಿಟ್ಟು ಬೇಡ ಎನ್ನುತ್ತೇನೆ. ಮೊದಲು ಹೇಳುತ್ತಿರಲಿಲ್ಲ.

ಆ ಹಿರಿಯರು ಈಗ ಮಾಂಗಾಕ್ಕೆ, ಅಂದರೆ ಜಪಾನಿ ಕಾಮಿಕ್ಸ್‌ಗೆ, ಬಂದಿದ್ದಾರೆ. 'ಫುಲ್‌ಮೆಟಲ್ ಆಲ್ಕೆಮಿಸ್ಟ್', 27 ಭಾಗ. ಮೊದಲ ದಿನ ಎಡಗಡೆಯಿಂದ ತೆರೆದು, ಕಥೆಯ ಕೊನೆಯನ್ನೇ ಮೊದಲು ಓದುತ್ತಿದ್ದರು. ನಾನು ಏಳುವಷ್ಟರಲ್ಲಿ ಪಕ್ಕದ ಮೇಜಿನ ಹೈಸ್ಕೂಲ್ ಹುಡುಗಿ ಎದ್ದು ಹೋದಳು. "ಅಜ್ಜ, ಜಪಾನಿ ಪುಸ್ತಕ ಈ ಕಡೆಯಿಂದ. ಬಲಗಡೆ ಮೇಲಿನ ಚೌಕ ಮೊದಲು." ಹಿಂದೆ ಇಂಗ್ಲಿಷಿಗೆ ತರುವಾಗ ಪುಟಗಳನ್ನೇ ಕನ್ನಡಿಯಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು, ಅದರಿಂದ ಬಲಗೈಯವರೆಲ್ಲ ಎಡಗೈಯವರಾಗುತ್ತಿದ್ದರು ಅನ್ನೋದನ್ನೂ ಅವಳೇ ಹೇಳಿದಳು. ಅವರು ಗಂಭೀರವಾಗಿ ತಲೆಯಾಡಿಸುತ್ತಾ ಕೇಳಿದರು. ಅವಳ ಬೆರಳು ಚೌಕದಿಂದ ಚೌಕಕ್ಕೆ ಹೋಗುತ್ತಿತ್ತು, ಅವರ ಕನ್ನಡಕ ಅದರ ಹಿಂದೆ.

14ನೇ ಭಾಗ ಬೇರೆ ಯಾರೋ ಒಯ್ದಿದ್ದಾರೆ. ಕಾಯುವ ಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆ, ಅವಳದು ಮೊದಲು.