ಈ ಚಾನೆಲ್ ನೋಡ್ಲಿಕ್ಕೆ ಬಿಡ್ಲೇನ್ರಿ, ಬ್ಯಾಡೇನ್ರಿ?

ಕಲಬುರಗಿ, ಬೀದರ್, ಯಾದಗಿರಿ ಯಾವ ಕಡೆ ಪಾಲಕರ ಜೊತೆ ಕೂತರೂ ಕೊನೆಗೆ ಯಾರಾದರೊಬ್ಬರು ಫೋನ್ ಮುಂದೆ ಹಿಡಿದು ಕೇಳುವ ಪ್ರಶ್ನೆ ಇದು. "ಇವನ ವಿಡಿಯೋ ಹಾಕ್ಲಿಲ್ಲಂದ್ರ ಹುಡುಗ ಊಟಕ್ಕೇ ಕೂಡಂಗಿಲ್ರಿ. ಬೈಗುಳ ಇಲ್ಲ, ಹೊಲಸು ಇಲ್ಲ. ನೋಡ್ಲಿಕ್ಕೆ ಬಿಡ್ಲೇನ್ರಿ?"

ಬೈಗುಳ ಇಲ್ಲ ಅನ್ನುವುದೊಂದೇ ಸಾಲದು. ನೋಡಬೇಕಾದದ್ದು ಬೇರೆ: ಈ ವಿಡಿಯೋ ನಿಮ್ಮ ಮಗುವಿನಿಂದ ಏನನ್ನು ಬಯಸುತ್ತಿದೆ? ಏನಾದರೂ ಕೊಳ್ಳಲಿ ಎಂದೆ, ತಾನೂ ಮಾಡಿ ನೋಡಲಿ ಎಂದೆ, ಯಾವುದೋ ಲಿಂಕ್ ಒತ್ತಲಿ ಎಂದೆ, ಅಥವಾ ಎದ್ದು ಹೋಗದೆ ನೋಡುತ್ತಲೇ ಇರಲಿ ಎಂದೆ? ಇದು ತಿಳಿದರೆ ಉತ್ತರ ಅರ್ಧ ಸಿಕ್ಕಂತೆ.

ತಿಳಿಯಲು ಅರ್ಧ ಗಂಟೆ ಬೇಕು. ಯೂಟ್ಯೂಬ್‌ನಲ್ಲಿ ಆ ಚಾನೆಲ್ ತೆರೆದು 'ವಿಡಿಯೋಸ್' ಒತ್ತಿದರೆ ಲೇಟೆಸ್ಟ್, ಪಾಪ್ಯುಲರ್, ಓಲ್ಡೆಸ್ಟ್ ಎಂದು ಮೂರು ಗುಂಡಿ ಬರುತ್ತವೆ. ಒಂದೊಂದರಿಂದ ಒಂದು ವಿಡಿಯೋ ಆರಿಸಿ. ಹಳೆಯದು ಆತ ಎಲ್ಲಿಂದ ಶುರು ಮಾಡಿದ ಎಂದು ಹೇಳುತ್ತದೆ, ಹೆಚ್ಚು ನೋಡಿದ್ದು ಯಾವುದಕ್ಕೆ ಜನ ಕೂಡಿದರು ಎಂದು, ಹೊಸದು ಈಗ ಎತ್ತ ಹೊರಟಿದ್ದಾನೆ ಎಂದು. ಕಾಗದದ ದೋಣಿ ಮಾಡುತ್ತಿದ್ದ ಚಾನೆಲ್ ಎರಡು ವರ್ಷದಲ್ಲಿ ಬೈಕ್ ಸ್ಟಂಟಿಗೆ ಬಂದಿರಬಹುದು. ಧ್ವನಿ ಇಟ್ಟು ಕೊನೆಯವರೆಗೆ ನೋಡಿ. ಮೊದಲ ಎರಡು ನಿಮಿಷ ನೋಡಿ ಚಲೋ ಇದೆ ಎಂದು ಬಿಡುವುದೇ ನಾವು ಹೆಚ್ಚಾಗಿ ಕಾಣುವ ತಪ್ಪು. ಮಾರುವ ಮಾತು ಸಾಮಾನ್ಯವಾಗಿ ನಡುವಿನಲ್ಲೋ ಕೊನೆಯಲ್ಲೋ ಇರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಓಣಿಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಹಿಂದಿ ಸಲೀಸು, ತೆಲುಗು, ಮರಾಠಿಯೂ ಅಷ್ಟಿಷ್ಟು. ಎಷ್ಟೋ ತಾಯಂದಿರಿಗೆ, ಅಜ್ಜಿಯರಿಗೆ ಆ ವೇಗದ ಹಿಂದಿ ತಿಳಿಯುವುದಿಲ್ಲ. ಆಗ ಮಗುವನ್ನೇ ಪಕ್ಕ ಕೂರಿಸಿಕೊಂಡು "ಈಗ ಅಂವ ಏನಂದ?" ಎಂದು ಕೇಳುತ್ತಾ ಹೋಗಿ. ಮಗು ಹೇಳದೆ ದಾಟಿಸಿದ ಜಾಗದಲ್ಲಿ ನಿಲ್ಲಿಸಿ, ಭಾಷೆ ಬಲ್ಲ ಇನ್ನೊಬ್ಬರಿಗೆ ಅದನ್ನು ಕೇಳಿಸಿ.

ಜಾಹೀರಾತನ್ನು ಗುರುತಿಸಲು ನಿಯಮವೇ ನೆರವಾಗುತ್ತದೆ. ಜಾಹೀರಾತು ಮಾನದಂಡ ಮಂಡಳಿ ಆಸ್ಕಿ 2021ರಲ್ಲಿ, ವಿಡಿಯೋ ಮಾಡಿ ಹಿಂಬಾಲಕರನ್ನು ಗಳಿಸಿದವರಿಗೆ, ಅಂದರೆ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿತು. ಹಣ ಪಡೆದಿದ್ದರೂ, ಬಿಟ್ಟಿ ವಸ್ತು ಪಡೆದಿದ್ದರೂ ವಿಡಿಯೋದ ಮೇಲೆ ಗುರುತು ಹಾಕಿ ಹೇಳಬೇಕು. 15 ಸೆಕೆಂಡಿನೊಳಗಿನ ವಿಡಿಯೋದಲ್ಲಿ ಆ ಗುರುತು ಕನಿಷ್ಠ 3 ಸೆಕೆಂಡ್, 2 ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗ ಹೊತ್ತು, ಅದಕ್ಕಿಂತ ಉದ್ದವಾದರೆ ಆ ವಸ್ತುವಿನ ಮಾತು ನಡೆಯುವಷ್ಟೂ ಹೊತ್ತು ಕಾಣಬೇಕು. ಆ್ಯಡ್, ಸ್ಪಾನ್ಸರ್ಡ್, ಪಾರ್ಟ್‌ನರ್‌ಶಿಪ್, ಫ್ರೀ ಗಿಫ್ಟ್, ಈ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿಗೆ ಬರೆಸಿಟ್ಟುಕೊಂಡರೆ ಓದು ಕಡಿಮೆ ಇರುವವರೂ ಗುರುತು ಹಿಡಿಯಬಹುದು. ಗುರುತು ಇಲ್ಲ, ಆದರೆ ಒಂದೇ ಕಂಪನಿಯ ಸಾಮಾನು ಮೂರೂ ವಿಡಿಯೋದಲ್ಲಿದೆ, ಕೆಳಗೆ ಡಿಸ್ಕೌಂಟ್ ಕೋಡ್ ಇದೆ ಎಂದರೆ ಅದೂ ಮಾರಾಟವೇ. ಏಳೆಂಟು ವರ್ಷದೊಳಗಿನ ಮಗುವಿಗೆ ಇದು ಮಾರಾಟ ಎಂಬುದೇ ಹೊಳೆಯುವುದಿಲ್ಲ, ಗೆಳೆಯ ಹೇಳಿದ ಎಂದೇ ನಂಬುತ್ತದೆ. ಆ ವಯಸ್ಸಿಗೆ ಗೊಂಬೆ, ಚಾಕಲೇಟ್ ಪೊಟ್ಟಣ ಬಿಚ್ಚಿ ತೋರಿಸುವ ವಿಡಿಯೋ ಬೇಡವೇ ಬೇಡ.

'ಮಾಡಿ ನೋಡಿ' ಎನ್ನುವ ವಿಡಿಯೋಗಳು ನಮಗೆ ಹೆಚ್ಚು ಚಿಂತೆ ತರುತ್ತವೆ. ನಲವತ್ತು ಸೆಕೆಂಡಿನ ಒಂದು ರೀಲ್ ಹೀಗಿರುತ್ತದೆ: ನಗುವ ಹುಡುಗಿ ಬಟ್ಟಲಿಗೆ ನಿಂಬೆಹಣ್ಣು ಹಿಂಡುತ್ತಾಳೆ, ಅಡುಗೆ ಸೋಡಾ ಕಲಸುತ್ತಾಳೆ, ಕೆನ್ನೆಗೆ ಹಚ್ಚುತ್ತಾಳೆ, 'ಏಳೇ ದಿನದಲ್ಲಿ ಬೆಳ್ಳಗೆ' ಎನ್ನುತ್ತಾಳೆ. ಕೆಟ್ಟ ಮಾತು ಒಂದೂ ಇಲ್ಲ. ಹನ್ನೊಂದು ವರ್ಷದ ಹುಡುಗಿ ಅದನ್ನೇ ಹಚ್ಚಿಕೊಂಡು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಹೊರಬಿದ್ದರೆ ಏನಾಗುತ್ತದೆ? ನಿಂಬೆಯಲ್ಲಿರುವ ಫ್ಯುರೊಕೂಮರಿನ್ ಎಂಬ ಅಂಶ ಬಿಸಿಲು ತಾಗಿದರೆ ಚರ್ಮವನ್ನು ಸುಡಬಹುದು. ಒಂದೆರಡು ದಿನದಲ್ಲಿ ಉರಿ, ಬೊಬ್ಬೆ, ಆಮೇಲೆ ವಾರಗಟ್ಟಲೆ ಹೋಗದ ಕಂದು ಕಲೆ. ಬೆಳ್ಳಗಾಗಲು ಹೋಗಿ ಕಲೆ ಬಿತ್ತು ಎಂದು ಮಗು ಮತ್ತೂ ಕುಗ್ಗುತ್ತದೆ, ಅದೇ ಚಾನೆಲ್ ಹೇಳುವ ಕ್ರೀಮ್ ಹುಡುಕುತ್ತದೆ. ಬಿಳುಪಿನ ಕ್ರೀಮುಗಳಲ್ಲಿ ಪಾದರಸ, ಸ್ಟಿರಾಯ್ಡ್ ಸಿಕ್ಕಿದ್ದುಂಟು. ಮಗುವಿನ ಬಣ್ಣ ಸರಿಯಿಲ್ಲ ಎನ್ನುವ ಚಾನೆಲ್ ಬೇರೆಲ್ಲ ಎಷ್ಟೇ ಚಲೋ ಇರಲಿ, ತೆಗೆದುಹಾಕಿ.

ಲಿಂಕ್ ಒತ್ತಿಸುವವರಲ್ಲಿ ಒಂದೇ ಗುಂಪಿನ ಬಗ್ಗೆ ಹೇಳಿದರೆ ಸಾಕು. ಟೆಲಿಗ್ರಾಮ್‌ಗೆ ಕರೆದು, ಬಣ್ಣ ಊಹಿಸಿ ಹಣ ಗೆಲ್ಲು ಎನ್ನುವವರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೂ ಅದರ ಜಾಹೀರಾತನ್ನೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಇಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ, ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ಅದೇ ಗಳಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಶಾರ್ಟ್ಸ್, ರೀಲ್ಸ್ ಮಾತು ಬೇರೆ. ಅಲ್ಲಿ ಚಾನೆಲ್ ಪರೀಕ್ಷಿಸಿ ಬಿಡುವುದಾಗದು, ಏಕೆಂದರೆ ಬೆರಳು ಸರಿಸಿದರೆ ಮುಂದಿನದು ಯಾರದೋ. ಅದಕ್ಕೆ ವಾರಕ್ಕೊಮ್ಮೆ ಹಿಸ್ಟರಿ, ಅಂದರೆ ನೋಡಿದ ವಿಡಿಯೋಗಳ ಪಟ್ಟಿ, ತೆರೆದು ನೋಡಿ. ಬೇಡದ್ದನ್ನು ಹಿಸ್ಟರಿಯಿಂದ ಅಳಿಸಿ, ಮುಖಪುಟದಲ್ಲಿ ಅದೇ ಚಾನೆಲ್ ಕಂಡರೆ ಪಕ್ಕದ ಮೂರು ಚುಕ್ಕೆ ಒತ್ತಿ 'ಡೋಂಟ್ ರೆಕಮೆಂಡ್ ಚಾನೆಲ್' ಆರಿಸಿ. ಅಳಿಸದೆ ಬರೀ ಗದರಿದರೆ ಪ್ರಯೋಜನವಿಲ್ಲ, ನಾಳೆ ಅಂಥದ್ದೇ ಹತ್ತು ಬರುತ್ತವೆ.

ಖಾತೆಯ ವಯಸ್ಸನ್ನೂ ನೋಡಿಕೊಳ್ಳಿ. ಹೊಸ ಫೋನ್ ಕೊಂಡಾಗ ಅವಸರದಲ್ಲಿ ಯಾವುದೋ ಜನ್ಮ ವರ್ಷ ಹಾಕಿ ಖಾತೆ ತೆರೆಯುತ್ತಾರೆ. ಆಗ ಗೂಗಲ್ ಲೆಕ್ಕಕ್ಕೆ ಹತ್ತು ವರ್ಷದ ಹುಡುಗ ಇಪ್ಪತ್ತೈದರವನು, ಮಕ್ಕಳಿಗಿರುವ ತಡೆಗಳು ತಾವಾಗಿ ಕೆಲಸ ಮಾಡುವುದಿಲ್ಲ. ಹದಿಮೂರರೊಳಗಿನವರಿಗೆ ನಿಮ್ಮ ಖಾತೆಗೆ ಜೋಡಿಸಿದ ಮಗುವಿನ ಖಾತೆಯೇ ಸರಿ.

ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ, ಮಕ್ಕಳು ಅಜ್ಜಿಯ ಹತ್ತಿರ ಒಂದೇ ಫೋನ್ ಇಟ್ಟುಕೊಂಡು ಇರುತ್ತಾರೆ. ಅಜ್ಜಿಗೆ ಈ ಅರ್ಧ ಗಂಟೆಯ ಪರೀಕ್ಷೆ ಆಗದ ಮಾತು. ಮಗು ಚಿಕ್ಕದಿದ್ದರೆ ಹಬ್ಬಕ್ಕೆ ಊರಿಗೆ ಬಂದಾಗಲೇ ಯೂಟ್ಯೂಬ್ ಕಿಡ್ಸ್ ಹಾಕಿ, ಪಾಲಕರ ಸೆಟ್ಟಿಂಗ್‌ನಲ್ಲಿ 'ಅಪ್ರೂವ್ಡ್ ಕಂಟೆಂಟ್ ಓನ್ಲಿ' ಆರಿಸಿ. ನೀವು ಒಪ್ಪಿದ ಚಾನೆಲ್ ಬಿಟ್ಟು ಬೇರೆ ಬರುವುದಿಲ್ಲ, ಹುಡುಕುವ ಜಾಗವೂ ಮುಚ್ಚುತ್ತದೆ. ಅದರ ಜೊತೆ ಮಾಮೂಲಿ ಯೂಟ್ಯೂಬನ್ನೂ ಫೋನ್ ಸೆಟ್ಟಿಂಗ್‌ನಲ್ಲಿ ಡಿಸೇಬಲ್ ಮಾಡಿ ಹೋಗಿ. ಮೊದಲನೆಯದನ್ನು ಮಾಡಿ ಇದನ್ನು ಮರೆಯುವವರೇ ಹೆಚ್ಚು.