ಮಾಮಾಗೆ ಕ್ಯಾಸೆಟ್, ಎ ಸೈಡ್: ಕೊನೆಗೂ ಓಲಾಟ ನಿಂತಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ದಿ ಕ್ಯೂರ್ ಎಂಬ ರಾಕ್ ತಂಡದ ‘ಅಲೋನ್’ ಹಾಡು ನನ್ನ ಡೆಕ್‌ನಲ್ಲಿ (ಕ್ಯಾಸೆಟ್ ರೆಕಾರ್ಡ್ ಮಾಡಿ ಕೇಳಿಸುವ ಯಂತ್ರ) ಒಂಚೂರೂ ಅಲುಗದೆ ಹಾಡಿತು. ಮೂರು ವಾರ ಕಾದಿದ್ದು ಇದಕ್ಕೇ. ಖುಷಿಗೆ ನಿದ್ದೆಯೇ ಬರಲಿಲ್ಲ.

ಹುಮನಾಬಾದ್‌ನಲ್ಲಿರುವ ನಮ್ಮ ಮಾಮಾ ಅವರ ಹಳೇ ಕಾರಿನಲ್ಲಿ ಇನ್ನೂ ಕ್ಯಾಸೆಟ್ ಪ್ಲೇಯರ್ ಇದೆ. “ಈಗಿನ ರಾಕ್ ಹೆಂಗದ, ಕೇಳಸು ನೋಡಮು” ಅಂದಿದ್ದರು. ಅವರಿಗಾಗಿ ಒಂದು ಸಿ-60 ಕ್ಯಾಸೆಟ್‌ಗೆ (ಒಂದು ಬದಿಗೆ 30 ನಿಮಿಷ) ಈಚಿನ ಇಂಡಿ, ಆಲ್ಟರ್ನೇಟಿವ್ ಬಗೆಯ ರಾಕ್ ಹಾಡು ತುಂಬುತ್ತಿದ್ದೇನೆ. ಕಲಬುರಗಿ ಬಿಟ್ಟು ಕಮಲಾಪುರ ಬರುವ ಹೊತ್ತಿಗೆ ಎ ಸೈಡ್ ಮುಗಿಯಬೇಕು, ಅದು ಲೆಕ್ಕ.

ಮೊದಲ ಹಾಡು ಫಾಂಟೇನ್ಸ್ ಡಿ.ಸಿ. ತಂಡದ ‘ಸ್ಟಾರ್‌ಬರ್ಸ್ಟರ್’, 2024ರದ್ದು. ಡಬ್ಲಿನ್ ಹುಡುಗರು. ಗಾಯಕ ಗ್ರಿಯನ್ ಚಾಟನ್‌ಗೆ ಲಂಡನ್ನಿನ ರೈಲು ನಿಲ್ದಾಣದಲ್ಲಿ ಪ್ಯಾನಿಕ್ ಅಟ್ಯಾಕ್ ಆಗಿತ್ತು, ಹಾಡು ಹುಟ್ಟಿದ್ದು ಅಲ್ಲಿಂದ. ಉಸಿರು ಸಿಗದೆ ಜಗ್ಗುವ ಸದ್ದು ಹಾಡಿನೊಳಗೇ ಇದೆ. ಟೇಪಿನ ಹಿಸ್ (ಸುಯ್ ಎನ್ನುವ ಸದ್ದು) ದಾಟಿ ಅದು ಬಂದಾಗ ನನ್ನ ಎದೆಯೂ ಬಿಗಿಯಿತು. ಆಮೇಲೆ ವೆಟ್ ಲೆಗ್‌ನ ‘ಕ್ಯಾಚ್ ದೀಸ್ ಫಿಸ್ಟ್ಸ್’ (2025). ಕೇಳಿ, ಕಾಲು ತಾನಾಗಿ ತಾಳ ಹಾಕುತ್ತದೆ. ಎರಡೂ ಒಂದೇ ಟೇಕಿಗೆ ರೆಕಾರ್ಡ್ ಆದವು.

ತೊಂದರೆ ಶುರುವಾಗಿದ್ದು ಮೂರನೆಯದರಲ್ಲಿ. ದಿ ಸ್ಮೈಲ್‌ನ ‘ಬೆಂಡಿಂಗ್ ಹೆಕ್ಟಿಕ್’, 8 ನಿಮಿಷದ ಹಾಡು. ಶುರುವಿನಲ್ಲಿ ಗಿಟಾರಿನ ಸ್ವರವನ್ನು ಬೇಕಂತಲೇ ಬಗ್ಗಿಸುತ್ತಾರೆ. ಕೊನೆ ಕೊನೆಗೆ ಪಿಟೀಲುಗಳು ಏರುತ್ತಾ ಏರುತ್ತಾ ಹೋಗಿ ಎಲ್ಲ ಒಡೆದು ಸುರಿಯುತ್ತದೆ. ಟೇಪಿನಲ್ಲಿ ಕೇಳಿದರೆ ಸ್ವರ ಜಾಸ್ತಿಯೇ ಬಗ್ಗಿದಂತಿತ್ತು. ಹಾಡಿನದ್ದೋ, ಡೆಕ್‌ನದ್ದೋ? ಹತ್ತು ಸಲ ಕೇಳಿದರೂ ಗೊತ್ತಾಗಲಿಲ್ಲ.

ಗುಟ್ಟು ಬಿಟ್ಟುಕೊಟ್ಟಿದ್ದು ‘ಅಲೋನ್’. ಹದಿನಾರು ವರ್ಷ ಆಲ್ಬಮ್ಮೇ ಇಲ್ಲದ ತಂಡ 2024ರಲ್ಲಿ ಮರಳಿದ್ದು ಈ ಹಾಡಿನಿಂದ. ದನಿ ಬರುವ ಮೊದಲೇ ಮೂರು ನಿಮಿಷಕ್ಕೂ ಹೆಚ್ಚು ಬರೀ ವಾದ್ಯ. ಉದ್ದುದ್ದ ಎಳೆದ ಸ್ವರ. ಅಲ್ಲಿ ವಾವ್, ಅಂದರೆ ಟೇಪಿನ ವೇಗ ಏರಿಳಿದು ಸ್ವರ ಓಲಾಡುವುದು, ಅಡಗಲು ಜಾಗವೇ ಇಲ್ಲ. ನೀರಿನಲ್ಲಿ ನೆರಳು ಅಲುಗಿದ ಹಾಗೆ ಇಡೀ ಹಾಡು ಓಲಾಡುತ್ತಿತ್ತು.

ತಪ್ಪು ಮೋಟಾರಿನಿಂದ ಚಕ್ರ ತಿರುಗಿಸುವ ರಬ್ಬರ್ ಬೆಲ್ಟ್‌ನದ್ದು ಅಂದುಕೊಂಡು ಹೊಸದಕ್ಕೆ ಆರ್ಡರ್ ಹಾಕಿದೆ. ಮೊದಲು ಬಂದದ್ದು ಸಡಿಲ. ಎರಡನೆಯದನ್ನು ಸಣ್ಣ ಪೊಟ್ಟಣದಲ್ಲಿ ಮಡಚಿ ಕಳಿಸಿದ್ದರು, ಮಡಿಕೆ ಬಿದ್ದ ಕಡೆ ಗಟ್ಟಿ. ಒಳ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು ಕೊಟ್ಟಿದ್ದೆ! ಮೂರನೆಯದು ಸರಿಯಾಗಿ ಕೂತಿತು. ಓಲಾಟ ಮಾತ್ರ ಹಾಗೇ ಇತ್ತು.

ಆಗ ಹಾಡು ಬಿಟ್ಟು ಬರೀ 3000 ಹರ್ಟ್ಸ್ ಟೋನ್ (ಒಂದೇ ಸಮನೆಯ ಸದ್ದು) ರೆಕಾರ್ಡ್ ಮಾಡಿ ಎಷ್ಟು ಸಲ ಓಲಾಡುತ್ತದೆ ಅಂತ ಎಣಿಸಿದೆ. ಹತ್ತು ಸೆಕೆಂಡಿಗೆ ಹನ್ನೆರಡು ಸಲದ ಹತ್ತಿರ. ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ನನ್ನ ಡೆಕ್‌ನ ಪಿಂಚ್ ರೋಲರ್ (ಟೇಪನ್ನು ಒತ್ತಿ ಹಿಡಿದು ಸಾಗಿಸುವ ರಬ್ಬರ್ ಚಕ್ರ) 13 ಮಿಲಿಮೀಟರ್ ಅಗಲ, ಅಂದರೆ ಸುತ್ತಳತೆ ಸುಮಾರು 4.1 ಸೆಂಟಿಮೀಟರ್. ಭಾಗಿಸಿ ನೋಡಿ: ಹತ್ತು ಸೆಕೆಂಡಿಗೆ ಹನ್ನೆರಡು ಸುತ್ತಿಗೆ ಸ್ವಲ್ಪ ಕಡಿಮೆ. ಓಲಾಟದ ಲೆಕ್ಕಕ್ಕೂ ಅದು ಹೊಂದುತ್ತದೆ. ಕಳ್ಳ ಸಿಕ್ಕಿದ!

ರೋಲರ್ ಬಿಚ್ಚಿ ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಕಾಕಾಗೆ ತೋರಿಸಿದೆ. ಬೆರಳಲ್ಲಿ ಒಮ್ಮೆ ತಿರುಗಿಸಿದರು. “ಬೆಲ್ಟಿಂದಲ್ಲ ತಮ್ಮಾ, ರಬ್ಬರ್ ತಗ್ಗ ಬಿದ್ದದ. ಪ್ಲೇ ಒತ್ತಿ ಹಂಗೇ ಬಿಟ್ಟಿದ್ದೇನು?” ಹೌದು, ಬಿಟ್ಟಿದ್ದೆ. ಮೇ ತಿಂಗಳಲ್ಲಿ ಹಾಡು ನಡೆಯುವಾಗ ಕರೆಂಟ್ ಹೋಯಿತು, ನಾನು ಹಾಗೇ ಊರಿಗೆ ಹೋದೆ. ನನ್ನದು ಕೀಲಿ ಒತ್ತುವ ಹಳೇ ಡೆಕ್. ಕರೆಂಟ್ ಹೋದರೂ ಪ್ಲೇ ಮೇಲೇಳುವುದಿಲ್ಲ. ಹದಿನೈದು ದಿನ, ಅದೂ ಕಲಬುರಗಿಯ ಬಿಸಿಲಲ್ಲಿ, ಕ್ಯಾಪ್‌ಸ್ಟನ್ ಎಂಬ ಲೋಹದ ಸರಳು ರಬ್ಬರಿಗೆ ಒತ್ತಿಕೊಂಡೇ ಇತ್ತು. ಕಾಕಾ ಒಂದು ಗುಜರಿ ಡೆಕ್ ಬಿಚ್ಚಿ ಸರಿ ಅಳತೆಯ ರೋಲರ್ ತೆಗೆದುಕೊಟ್ಟರು. ಚಹಾ ಕುಡಿಸಿದೆ, ದುಡ್ಡು ಬೇಡ ಅಂದರು.

ಅಲ್ಲೇ ಮುಂದಿನ ಕೆಲಸವೂ ಹೊಳೆಯಿತು. ಕಾಕಾ ಅಮಾವಾಸ್ಯೆ ಭಜನೆಯಲ್ಲಿ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಾರಂತೆ. ಏಕತಾರಿ ಅಂದರೆ ನಿಲ್ಲದ ಒಂದೇ ಶ್ರುತಿ. ಅದು ಟೇಪಿನಲ್ಲಿ ಅಲುಗದೆ ನಿಂತರೆ ಏನು ಬೇಕಾದರೂ ನಿಲ್ಲುತ್ತದೆ. ಎರಡು ಮೈಕ್ ಸಾಕು ಅನಿಸುತ್ತದೆ, ಒಂದು ಏಕತಾರಿಯ ಬುರುಡೆಯ ಹತ್ತಿರ, ಒಂದು ದನಿಗೆ. ಆಮೇಲೆ ಅದರ ಮೇಲೆ ಮೆಲ್ಲಗೆ ಫೀಡ್‌ಬ್ಯಾಕ್ ಗಿಟಾರ್, ಅಂದರೆ ಸ್ಪೀಕರಿನ ಸದ್ದಿಗೆ ತಾನೇ ಮೊರೆಯುವ ಗಿಟಾರ್. ಕಾಕಾ ಒಪ್ಪಿದರೆ ಮಾತ್ರ.

ಸರಿ, ಎ ಸೈಡ್‌ಗೆ ಬರೋಣ. ರೆಕಾರ್ಡ್ ಮಾಡುವಾಗಿನ ಓಲಾಟ ಟೇಪಿನಲ್ಲೇ ಉಳಿಯುತ್ತದಲ್ವಾ? ಹಾಗಾಗಿ ಎಲ್ಲ ಅಳಿಸಿ ಮೊದಲಿನಿಂದ ತುಂಬಿದೆ. ಈಗ ‘ಬೆಂಡಿಂಗ್ ಹೆಕ್ಟಿಕ್’ನಲ್ಲಿ ಸ್ವರ ಅವರು ಬಗ್ಗಿಸಿದಷ್ಟೇ ಬಗ್ಗುತ್ತದೆ. ಬಿ ಸೈಡ್ ಶುರುವಿಗೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ. ತಂಡದ ‘ಬೀಟಾ’ ಆಲ್ಬಮ್‌ನಿಂದ ‘ಸಡನ್ಲಿ’ ಇಟ್ಟಿದ್ದೇನೆ. ಎ ಸೈಡ್ ಕೊನೆಗೆ 2 ನಿಮಿಷ 10 ಸೆಕೆಂಡ್ ಖಾಲಿ ಇದೆ. ಅಷ್ಟರೊಳಗೆ ಮುಗಿಯುವ ಒಳ್ಳೆಯ ಹೊಸ ಹಾಡು ಗೊತ್ತಿದ್ದರೆ ಭಾನುವಾರದೊಳಗೆ ಹೇಳಿ, ಮಾಮಾ ಅವತ್ತೇ ಬರುತ್ತಿದ್ದಾರೆ.